ಮಣ್ಣು ಹಿಡಿದಿಡುವ ಇದ್ದಿಲು

ಮಕ್ಕಳೇ, ಜೂನ್ ತಿಂಗಳಲ್ಲಿ ಜಡಿಮಳೆ ಸುರಿದ ಮರುದಿನ ನಿಮ್ಮ ಮನೆಯ ಹತ್ತಿರದ ತೋಡನ್ನು ನೋಡಿದ್ದೀರಾ? ನೀರು ಕೆಂಪಾಗಿ ಹರಿಯುತ್ತಿರುತ್ತದೆ. ಅದು ಗುಡ್ಡೆಯಿಂದ, ತೋಟದಿಂದ, ಅಂಗಳದಿಂದ ಕೊಚ್ಚಿಕೊಂಡು ಬಂದ ಮಣ್ಣು. ಮಣ್ಣು ನಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ಅದೇ ನೀರಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ವಸ್ತುವೂ ಕರಗಿ ಹೋಗುತ್ತಿರುತ್ತದೆ. ಅದು ಬೆಳೆಗಳ ಆಹಾರ. ರೈತರು ದುಡ್ಡು ಕೊಟ್ಟು ತಂದು, ಬೆವರು ಸುರಿಸಿ ಹಾಕಿದ ಗೊಬ್ಬರ.

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನಮ್ಮದು ಮುರಕಲ್ಲಿನ ನಾಡು. ಇಲ್ಲಿನ ಕೆಂಪು ಮಣ್ಣಿನಲ್ಲಿ ಹುಳಿ ಗುಣ, ಎಂದರೆ ಆಮ್ಲೀಯತೆ ಹೆಚ್ಚು. ಗೊಬ್ಬರದ ಸಾರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಇಂತಹ ಮಣ್ಣಿಗೆ ಗೊಬ್ಬರ ಹಾಕಿದರೆ ಸಾಲದು, ಅದನ್ನು ಉಳಿಸಿಕೊಳ್ಳುವ ದಾರಿಯೂ ಬೇಕು. ಅಂತಹ ಒಂದು ದಾರಿ ನಮ್ಮ ಒಲೆಯೊಳಗೇ ಇದೆ. ಅದು ಯಾವುದೆಂದು ತಿಳಿಯೋಣ.

ಬೆಳೆಗೆ ಸಾರಜನಕ ಏಕೆ ಬೇಕು?

ನಾವು ಅನ್ನ, ಪಲ್ಯ, ಮೀನು, ಹಾಲು ಸೇವಿಸುತ್ತೇವೆ. ಗಿಡಗಳಿಗೂ ಹಲವು ಬಗೆಯ ಆಹಾರ ಬೇಕು. ಅವುಗಳಲ್ಲಿ ಮುಖ್ಯವಾದವು ಸಾರಜನಕ, ರಂಜಕ ಮತ್ತು ಪೊಟ್ಯಾಷ್. ಸಾರಜನಕವನ್ನು ನೈಟ್ರೋಜನ್ ಎಂದೂ ಕರೆಯುತ್ತಾರೆ. ಎಲೆ ಹಸಿರಾಗಿರಬೇಕಾದರೆ, ಗಿಡ ಎತ್ತರಕ್ಕೆ ಬೆಳೆಯಬೇಕಾದರೆ, ಕಾಳು ತುಂಬಬೇಕಾದರೆ ಸಾರಜನಕ ಬೇಕೇ ಬೇಕು. ಅದು ಕಡಿಮೆಯಾದರೆ ಮೊದಲು ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತವೆ. ಗಿಡ ಕುಬ್ಜವಾಗಿ ನಿಲ್ಲುತ್ತದೆ.

ಇಲ್ಲಿ ಒಂದು ಸೋಜಿಗವಿದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ! ಗಿಡಗಳ ಸುತ್ತಲೂ ಅದು ತುಂಬಿಕೊಂಡಿದೆ. ಆದರೂ ಗಿಡಗಳು ಅದನ್ನು ನೇರವಾಗಿ ತೆಗೆದುಕೊಳ್ಳಲಾರವು. ಸುತ್ತಲೂ ಕಡಲಿದ್ದರೂ ಕುಡಿಯಲು ನೀರಿಲ್ಲದ ದೋಣಿಗಾರನ ಸ್ಥಿತಿ ಅವುಗಳದು. ಗಾಳಿಯಲ್ಲಿರುವ ಸಾರಜನಕ ಬೇರೆ ರೂಪಕ್ಕೆ ಬದಲಾಗಿ ಮಣ್ಣಿಗೆ ಸೇರಬೇಕು. ಆಗ ಮಾತ್ರ ಬೇರುಗಳು ಅದನ್ನು ಹೀರುತ್ತವೆ.

ಈ ಕೆಲಸವನ್ನು ಮಿಂಚು ಸ್ವಲ್ಪ ಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ ಕೆಲವು ಸೂಕ್ಷ್ಮಜೀವಿಗಳು ಮಾಡುತ್ತವೆ. ಅಲಸಂಡೆಯ ಗಿಡವನ್ನು ಬೇರುಸಹಿತ ಮೆಲ್ಲನೆ ಕಿತ್ತು ನೋಡಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣಿಸುತ್ತವೆ. ಆ ಗಂಟುಗಳೊಳಗೆ ಇರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಉದ್ದು, ಹೆಸರು ಬಿತ್ತುವ ವಾಡಿಕೆ ಇರುವುದು ಸುಮ್ಮನೆ ಅಲ್ಲ. ಕಾಳೂ ದೊರೆಯುತ್ತದೆ, ಮಣ್ಣಿಗೆ ಸಾರಜನಕವೂ ಸೇರುತ್ತದೆ. ಹಟ್ಟಿಗೊಬ್ಬರ, ಹಸಿರು ಸೊಪ್ಪು, ಗೋಮೂತ್ರ, ನೆಲಗಡಲೆ ಹಿಂಡಿ ಇವುಗಳಲ್ಲಿಯೂ ಸಾರಜನಕವಿದೆ.

ಗಾಳಿಯಿಂದ ಗೊಬ್ಬರ

ಸುಮಾರು ನೂರು ವರ್ಷಗಳ ಹಿಂದೆ ಮನುಷ್ಯನೂ ಈ ಕೆಲಸವನ್ನು ಕಲಿತನು. 1909ರಲ್ಲಿ ಜರ್ಮನಿಯ ವಿಜ್ಞಾನಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಸೇರಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಅದನ್ನು ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ವಿಧಾನ ಕಂಡುಹಿಡಿದರು. 1913ರಲ್ಲಿ ಅಂತಹ ಮೊದಲ ಕಾರ್ಖಾನೆ ಕೆಲಸ ಆರಂಭಿಸಿತು. ಇಂದು ನಾವು ಕಾಣುವ ಯೂರಿಯಾದ ಬಿಳಿ ಹರಳುಗಳು ತಯಾರಾಗುವುದು ಅಮೋನಿಯಾದಿಂದಲೇ.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ ಇರುತ್ತದೆ. ಇದರಿಂದ ಬೆಳೆಗಳ ಇಳುವರಿ ಹೆಚ್ಚಿತು. ಕೋಟಿಗಟ್ಟಲೆ ಜನರಿಗೆ ಅನ್ನ ದೊರೆಯಿತು. ಆದರೆ ಇದನ್ನು ತಯಾರಿಸಲು ತುಂಬಾ ಶಾಖ, ತುಂಬಾ ಒತ್ತಡ, ತುಂಬಾ ಇಂಧನ ಬೇಕು. ಆದ್ದರಿಂದ ಒಂದು ಹಿಡಿ ಯೂರಿಯಾ ವ್ಯರ್ಥವಾದರೆ ಹಣವೂ ಇಂಧನವೂ ವ್ಯರ್ಥವಾದಂತೆ.

ಹಾಕಿದ ಗೊಬ್ಬರ ಎಲ್ಲಿಗೆ ಹೋಯಿತು?

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಸುಮ್ಮನೆ ಕುಳಿತಿರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮೊದಲು ಅಮೋನಿಯಂ ರೂಪಕ್ಕೆ, ಅನಂತರ ನೈಟ್ರೇಟ್ ರೂಪಕ್ಕೆ ಬದಲಾಯಿಸುತ್ತವೆ. ಈ ಎರಡು ರೂಪಗಳನ್ನೂ ಬೇರುಗಳು ಹೀರಬಲ್ಲವು. ಆದರೆ ಬೇರು ಹೀರುವ ಮೊದಲೇ ಸಾರಜನಕವು ಮೂರು ದಾರಿಗಳಿಂದ ತಪ್ಪಿಸಿಕೊಳ್ಳಬಹುದು.

ಮೊದಲನೆಯದು, ಗಾಳಿಯ ದಾರಿ. ಯೂರಿಯಾವನ್ನು ಮಣ್ಣಿನ ಮೇಲೆ ಹಾಗೆಯೇ ಎರಚಿ ಬಿಟ್ಟರೆ ಅದರ ಒಂದು ಭಾಗ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಹಟ್ಟಿಯಲ್ಲಿ ಮೂಗಿಗೆ ಬಡಿಯುವ ಘಾಟು ವಾಸನೆ ಇದೆಯಲ್ಲ, ಅದೂ ಅಮೋನಿಯಾವೇ.

ಎರಡನೆಯದು, ನೀರಿನ ದಾರಿ. ನೈಟ್ರೇಟ್ ನೀರಿನಲ್ಲಿ ಬೇಗನೆ ಕರಗುತ್ತದೆ. ಮಳೆನೀರು ಅದನ್ನು ಬೇರಿಗೆ ಎಟುಕದ ಆಳಕ್ಕೆ ಒಯ್ಯುತ್ತದೆ.

ಮೂರನೆಯದು, ಕೆಸರಿನ ದಾರಿ. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಮತ್ತೆ ಅನಿಲವಾಗಿ ಮಾಡಿ ಆಕಾಶಕ್ಕೆ ಕಳುಹಿಸುತ್ತವೆ.

ಹೀಗೆ ಹಾಕಿದ ಸಾರಜನಕದಲ್ಲಿ ಅರ್ಧದಷ್ಟೂ ಬೆಳೆಗೆ ಸಿಗದೆ ಹೋಗುವುದುಂಟು. 'ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ' ಎಂಬ ಗಾದೆ ನಿಮಗೆ ಗೊತ್ತು. ಇದೂ ಹಾಗೆಯೇ.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಆಳಕ್ಕೆ ಇಳಿದ ನೈಟ್ರೇಟ್ ಬಾವಿಯ ನೀರಿಗೆ ಸೇರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂದು ನಮ್ಮ ದೇಶದಲ್ಲಿ ಮಿತಿ ಹಾಕಲಾಗಿದೆ. ಅದಕ್ಕಿಂತ ಹೆಚ್ಚಾದರೆ ಕೈಗೂಸುಗಳಿಗೆ ಅಪಾಯ. ಅವುಗಳ ರಕ್ತಕ್ಕೆ ಆಮ್ಲಜನಕವನ್ನು ಒಯ್ಯುವ ಶಕ್ತಿ ಕುಗ್ಗುತ್ತದೆ. ತೋಟಕ್ಕೆ ಹಾಕಿದ ಗೊಬ್ಬರಕ್ಕೂ ತೊಟ್ಟಿಲಲ್ಲಿರುವ ಮಗುವಿಗೂ ಹೀಗೆ ಒಂದು ನಂಟಿದೆ.

'ಹೋದರೆ ಹೋಗಲಿ, ಇನ್ನಷ್ಟು ಹಾಕೋಣ' ಎಂದರೆ ಆಗುವುದೇ? ಇಲ್ಲ. ಸಾರಜನಕ ಅತಿಯಾದರೆ ಗಿಡ ಎಲೆಯಲ್ಲೇ ಸೊಕ್ಕುತ್ತದೆ, ಕಾಯಿ ಕಡಿಮೆಯಾಗುತ್ತದೆ. ಕಾಂಡ ಮೆದುವಾಗಿ ಭತ್ತದ ಪೈರು ಮಲಗುತ್ತದೆ. ಕೀಟಗಳ ಕಾಟವೂ ಹೆಚ್ಚುತ್ತದೆ. ವರ್ಷವರ್ಷವೂ ಹಾಕುತ್ತಾ ಹೋದರೆ ಮಣ್ಣಿನ ಹುಳಿ ಗುಣ ಇನ್ನೂ ಏರುತ್ತದೆ.

ದೂರದ ನಾಡಿನ ಕಪ್ಪು ಮಣ್ಣು

ಹೆಚ್ಚು ಮಳೆ, ಹುಳಿ ಗುಣದ ಮಣ್ಣು, ನಿಲ್ಲದ ಸಾರ. ಈ ತೊಂದರೆ ನಮಗೆ ಮಾತ್ರವಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮಣ್ಣೂ ಬಹುತೇಕ ಹೀಗೆಯೇ. ಆದರೆ ಅಲ್ಲಿ ನದಿಯ ದಡಗಳಲ್ಲಿ ಅಲ್ಲಲ್ಲಿ ಕಪ್ಪಾದ, ಫಲವತ್ತಾದ ಮಣ್ಣಿನ ತುಣುಕುಗಳಿವೆ. ಕೆಲವು ಕಡೆ ಆ ಮಣ್ಣು ಒಂದು ಮೀಟರಿಗಿಂತಲೂ ಆಳವಾಗಿದೆ. ಪೋರ್ಚುಗೀಸ್ ಭಾಷೆಯಲ್ಲಿ ಅದನ್ನು 'ಟೆರಾ ಪ್ರೇಟಾ' ಎನ್ನುತ್ತಾರೆ. ಹಾಗೆಂದರೆ ಕಪ್ಪು ಮಣ್ಣು.

ಆ ಮಣ್ಣನ್ನು ಅಗೆದಾಗ ಏನು ಸಿಕ್ಕಿತು ಗೊತ್ತೇ? ಇದ್ದಿಲು, ಒಡೆದ ಮಡಕೆಯ ಚೂರುಗಳು, ಮೀನಿನ ಮತ್ತು ಪ್ರಾಣಿಗಳ ಮೂಳೆಗಳು. ಅಂದರೆ ಅದು ತಾನಾಗಿ ಆದ ಮಣ್ಣಲ್ಲ. ನೂರಾರು, ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಬಾಳಿದ ಮೂಲನಿವಾಸಿಗಳು ಒಲೆಯ ಇದ್ದಿಲು, ಅಡುಗೆಯ ಕಸ, ಮೂಳೆ, ಗೊಬ್ಬರ ಎಲ್ಲವನ್ನೂ ಮಣ್ಣಿಗೆ ಸೇರಿಸಿದ್ದರಿಂದ ಅದು ಹಾಗಾಯಿತು. ಅವರು ಹೋಗಿ ಶತಮಾನಗಳು ಕಳೆದರೂ ಮಣ್ಣಿನ ಸಾರ ಹೋಗಲಿಲ್ಲ. ಇಂದಿಗೂ ರೈತರು ಅದರಲ್ಲಿ ಬೆಳೆ ತೆಗೆಯುತ್ತಾರೆ.

ವಿಜ್ಞಾನಿಗಳು ಈ ಮಣ್ಣಿನ ಗುಟ್ಟನ್ನು ಹುಡುಕುತ್ತಾ ಹೋದಾಗ ಇದ್ದಿಲಿನ ಮಹತ್ವ ತಿಳಿಯಿತು. ಮಣ್ಣಿಗೆ ಸೇರಿಸಲೆಂದೇ ತಯಾರಿಸುವ ಇದ್ದಿಲಿಗೆ ಈಗ 'ಬಯೋಚಾರ್' ಎಂಬ ಹೆಸರಿದೆ.

ಇದ್ದಿಲಿನೊಳಗೆ ಏನಿದೆ?

ಇದ್ದಿಲು ನಮಗೆ ಹೊಸದಲ್ಲ. ನಮ್ಮೂರ ಮಾತಿನಲ್ಲಿ ಅದನ್ನು ಮಸಿ ಎಂದೂ ಹೇಳುತ್ತೇವೆ. ಗೆರಟೆಯ ಮಸಿಯನ್ನು ಇಸ್ತ್ರಿಪೆಟ್ಟಿಗೆಗೆ ಹಾಕುತ್ತಿದ್ದರು. ಭತ್ತದ ಉಮಿಯನ್ನು ಕರಿ ಮಾಡಿ ಅದರಿಂದ ಹಲ್ಲುಜ್ಜುತ್ತಿದ್ದರು.

ಕಟ್ಟಿಗೆ ಚೆನ್ನಾಗಿ ಗಾಳಿ ಸಿಕ್ಕಿ ಉರಿದರೆ ಉಳಿಯುವುದು ಬೂದಿ. ಗಾಳಿ ಸಾಕಷ್ಟು ಸಿಗದಂತೆ ಅದನ್ನು ಬೇಯಿಸಿದರೆ ಉಳಿಯುವುದು ಇದ್ದಿಲು. ಬೂದಿ ಮಳೆಗೆ ಕರಗಿ ಹೋಗುತ್ತದೆ. ಇದ್ದಿಲು ಕರಗುವುದಿಲ್ಲ. ತರಗೆಲೆ ಮಣ್ಣಿನಲ್ಲಿ ಒಂದೆರಡು ವರ್ಷಗಳಲ್ಲಿ ಕೊಳೆತು ಮುಗಿಯುತ್ತದೆ. ಇದ್ದಿಲಿನ ಬಹುಭಾಗ ನೂರಾರು ವರ್ಷ ಉಳಿಯುತ್ತದೆ.

ಇದ್ದಿಲಿನ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಜೇನುಗೂಡಿನಂತೆ ಕಾಣುತ್ತದೆ. ಅದರ ತುಂಬ ಸಣ್ಣ ಸಣ್ಣ ರಂಧ್ರಗಳು. ಚೆನ್ನಾಗಿ ಬೆಂದ ಒಂದೇ ಒಂದು ಗ್ರಾಂ ಇದ್ದಿಲಿನ ಒಳಗೋಡೆಗಳನ್ನು ಬಿಡಿಸಿ ನೆಲಕ್ಕೆ ಹಾಸಿದರೆ ನೂರು ಚದರ ಮೀಟರು ದಾಟುವುದುಂಟು. ಎಂದರೆ ಎರಡು ಮೂರು ತರಗತಿ ಕೋಣೆಗಳ ನೆಲದಷ್ಟು! ಈ ರಂಧ್ರಗಳಲ್ಲಿ ನೀರು ನಿಲ್ಲುತ್ತದೆ. ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಅಮೋನಿಯಂ ರೂಪದ ಸಾರಜನಕ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಬೇರು ಬಂದು ಕೇಳಿದಾಗ ಸ್ವಲ್ಪ ಸ್ವಲ್ಪವಾಗಿ ಸಿಗುತ್ತದೆ. ಇದ್ದಿಲಿಗೆ ಸಾಮಾನ್ಯವಾಗಿ ಸುಣ್ಣದಂತಹ ಗುಣವೂ ಇರುವುದರಿಂದ ಮಣ್ಣಿನ ಹುಳಿ ತಗ್ಗುತ್ತದೆ.

ಅನ್ನವೂ ಬೇಕು, ಪಾತ್ರೆಯೂ ಬೇಕು

ಹಾಗಾದರೆ ಇದ್ದಿಲೊಂದನ್ನೇ ಹಾಕಿದರೆ ಸಾಕೇ? ಸಾಲದು. ಇದನ್ನು ನೀವು ಚೆನ್ನಾಗಿ ನೆನಪಿಡಬೇಕು. ಕಟ್ಟಿಗೆ ಬೇಯುವಾಗ ಅದರಲ್ಲಿದ್ದ ಸಾರಜನಕದ ದೊಡ್ಡ ಭಾಗ ಹೊಗೆಯೊಂದಿಗೆ ಹೋಗಿರುತ್ತದೆ. ಉಳಿದದ್ದೂ ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಇದ್ದಿಲು ಖಾಲಿ ಪಾತ್ರೆಯಂತೆ. ಖಾಲಿ ಪಾತ್ರೆಯಿಂದ ಹೊಟ್ಟೆ ತುಂಬದು. ಅಷ್ಟೇ ಅಲ್ಲ, ಹೊಸ ಇದ್ದಿಲನ್ನು ಹಾಗೆಯೇ ಮಣ್ಣಿಗೆ ಹಾಕಿದರೆ ಅದು ಮಣ್ಣಿನಲ್ಲಿರುವ ಸಾರಜನಕವನ್ನೂ ತನ್ನೊಳಗೆ ಎಳೆದುಕೊಂಡು, ಮೊದಲ ಬೆಳೆ ಸೊರಗಬಹುದು.

ಗೊಬ್ಬರವೋ, ಪಾತ್ರೆಯಿಲ್ಲದ ಅನ್ನದಂತೆ. ನೆಲಕ್ಕೆ ಚೆಲ್ಲಿ ಹೋಗುತ್ತದೆ. ಎರಡನ್ನೂ ಸೇರಿಸಿದಾಗ ಮಾತ್ರ ಊಟ. ಆದ್ದರಿಂದ ತಿಳಿದವರು ಇದ್ದಿಲನ್ನು ಪುಡಿ ಮಾಡಿ, ಹಟ್ಟಿಗೊಬ್ಬರದೊಂದಿಗೆ ಬೆರೆಸಿ, ಗೋಮೂತ್ರದಲ್ಲಿ ನೆನೆಸಿ, ಎರಡು ಮೂರು ವಾರ ಇಟ್ಟು ಅನಂತರ ಮಣ್ಣಿಗೆ ಹಾಕುತ್ತಾರೆ. ಯೂರಿಯಾ ಹಾಕುವವರು ಅದನ್ನು ಒಮ್ಮೆಲೇ ಹಾಕದೆ, ಎರಡು ಮೂರು ಕಂತುಗಳಲ್ಲಿ, ಜೋರು ಮಳೆಯಿಲ್ಲದ ದಿನ ನೋಡಿ, ಮಣ್ಣು ಮುಚ್ಚಿ ಕೊಡಬೇಕು.

ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳನ್ನು 2017ರಲ್ಲಿ ವಿಜ್ಞಾನಿಗಳು ಒಟ್ಟಿಗೆ ಇಟ್ಟು ನೋಡಿದರು. ನಮ್ಮಂತಹ ಉಷ್ಣವಲಯದ ದೇಶಗಳಲ್ಲಿ ಬಯೋಚಾರ್ ಹಾಕಿದ ಹೊಲಗಳ ಇಳುವರಿ ಸರಾಸರಿ ಕಾಲು ಭಾಗದಷ್ಟು ಹೆಚ್ಚಿತ್ತು. ತಂಪು ದೇಶಗಳಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಏಕೆ? ಅಲ್ಲಿನ ಹೊಲಗಳ ಮಣ್ಣು ಮೊದಲೇ ಫಲವತ್ತಾಗಿತ್ತು, ಹುಳಿ ಗುಣವೂ ಕಡಿಮೆಯಿತ್ತು. ಬಡ ಮಣ್ಣಿಗೇ ಇದ್ದಿಲಿನ ಉಪಕಾರ ಹೆಚ್ಚು. ಎಲ್ಲ ಮಣ್ಣಿಗೂ ಒಂದೇ ಮದ್ದಲ್ಲ. ಮೊದಲೇ ಕ್ಷಾರ ಗುಣವಿರುವ ಮಣ್ಣಿಗೆ ಇದ್ದಿಲು ಹಾಕಿದರೆ ಒಳಿತಿಗಿಂತ ಕೆಡುಕೇ ಆಗಬಹುದು. ಆದ್ದರಿಂದ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಬಹುದು.

ನಮ್ಮ ಹಿರಿಯರ ಸುಡುಮಣ್ಣು

ನಮ್ಮ ನಾಡಿನ ಹಿರಿಯರಿಗೂ ಇದರ ಅರಿವು ಇತ್ತು. ತರಗೆಲೆ, ಒಣಕಡ್ಡಿಗಳನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಡುತ್ತಿದ್ದರು. ಅದು ಉರಿಯದೆ, ಮೆಲ್ಲಮೆಲ್ಲನೆ ಹೊಗೆಯಾಡುತ್ತಾ ಬೇಯುತ್ತಿತ್ತು. ಆರಿದ ಮೇಲೆ ಸಿಗುವುದೇ ಸುಡುಮಣ್ಣು. ಅದರಲ್ಲಿ ಇದ್ದಿಲೂ ಇದೆ, ಬೂದಿಯೂ ಇದೆ, ಬೆಂದ ಮಣ್ಣೂ ಇದೆ. ಅದನ್ನು ಹಟ್ಟಿಗೊಬ್ಬರದೊಂದಿಗೆ ಬಸಳೆ, ಹರಿವೆ, ಅಲಸಂಡೆಗಳ ಬುಡಕ್ಕೆ ಹಾಕುತ್ತಿದ್ದರು. ಈಗಲೂ ಕೆಲವು ಮನೆಗಳಲ್ಲಿ ಈ ರೂಢಿ ಉಳಿದಿದೆ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ.

ಇಂದು ಹೊಗೆ ಕಡಿಮೆ ಮಾಡಿ ಇದ್ದಿಲು ತಯಾರಿಸುವ ಸುಲಭ ವಿಧಾನವೂ ಇದೆ. ಮೇಲೆ ಅಗಲ, ಕೆಳಗೆ ಕಿರಿದಾದ ಹೊಂಡ ತೋಡುತ್ತಾರೆ. ಚೆನ್ನಾಗಿ ಒಣಗಿದ ಗೆರಟೆ, ಮಡಲಿನ ದಂಟು, ಸೌದೆಯ ಚೂರುಗಳನ್ನು ಸ್ವಲ್ಪ ಹಾಕಿ ಮೇಲಿನಿಂದ ಬೆಂಕಿ ಹೊತ್ತಿಸುತ್ತಾರೆ. ಅದರ ಮೇಲೆ ಬಿಳಿ ಬೂದಿ ಕಾಣಿಸತೊಡಗಿದೊಡನೆ ಇನ್ನೊಂದು ಪದರ ಹಾಕುತ್ತಾರೆ. ಮೇಲಿನ ಜ್ವಾಲೆ ಗಾಳಿಯಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುವುದರಿಂದ ಕೆಳಗಿನ ಪದರ ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಹೊಂಡ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸುತ್ತಾರೆ. ನಾಲ್ಕು ಕಿಲೋ ಒಣ ವಸ್ತುವಿನಿಂದ ಸುಮಾರು ಒಂದು ಕಿಲೋ ಇದ್ದಿಲು ಸಿಗುತ್ತದೆ.

ಒಂದು ಚದರ ಮೀಟರಿಗೆ ಒಂದು ಕಿಲೋದಂತೆ ಹಾಕುತ್ತಾ ಹೋದರೆ ಒಂದು ಹೆಕ್ಟೇರಿಗೆ ಹತ್ತು ಟನ್ ಬೇಕಾಗುತ್ತದೆ. ಅಷ್ಟು ಇದ್ದಿಲಿಗಾಗಿ ಮರ ಕಡಿಯುವುದು ಮೂರ್ಖತನ. ಕಸವಾಗಿ ಬಿದ್ದಿರುವುದನ್ನು ಮಾತ್ರ ಬಳಸಬೇಕು. ಗಿಡದ ಬುಡಕ್ಕೆ, ತರಕಾರಿಯ ಸಾಲಿಗೆ ಮಾತ್ರ ಹಾಕಿದರೆ ಸ್ವಲ್ಪವೇ ಸಾಕು. ಅದು ವರ್ಷವರ್ಷವೂ ಹಾಕಬೇಕಾದ ವಸ್ತುವೂ ಅಲ್ಲ.

ಎಚ್ಚರಿಕೆ

ಬೆಂಕಿಯ ಕೆಲಸವನ್ನು ಹಿರಿಯರೇ ಮಾಡಬೇಕು. ಪ್ಲಾಸ್ಟಿಕ್, ಬಣ್ಣ ಬಳಿದ ಮರ, ರಬ್ಬರ್ ಇವುಗಳನ್ನು ಎಂದಿಗೂ ಸುಡಬಾರದು. ಅವುಗಳ ವಿಷ ಗಾಳಿಗೂ ಮಣ್ಣಿಗೂ ಸೇರುತ್ತದೆ. ಇದ್ದಿಲನ್ನು ಪುಡಿ ಮಾಡುವಾಗ ನೀರು ಚಿಮುಕಿಸಬೇಕು. ಅದರ ಧೂಳು ಮೂಗಿಗೆ ಹೋಗಬಾರದು.

ಮಕ್ಕಳೇ, ಮುರಕಲ್ಲಿನ ಈ ನೆಲದಲ್ಲಿ ನೀರಿಗಾಗಿ ಸುರಂಗ ಕೊರೆದ ಜನ ನಮ್ಮವರು. ಬಂಡೆಯೊಳಗಿನ ಹನಿ ನೀರನ್ನೂ ಅವರು ವ್ಯರ್ಥವಾಗಲು ಬಿಡಲಿಲ್ಲ. ಮಣ್ಣಿಗೆ ಹಾಕುವ ಸಾರದ ವಿಷಯದಲ್ಲಿಯೂ ನಮಗೆ ಅದೇ ಜಾಣ್ಮೆ ಬೇಕು. ಎಷ್ಟು ಹಾಕಿದೆವು ಎಂಬುದಕ್ಕಿಂತ ಎಷ್ಟು ಉಳಿಸಿಕೊಂಡೆವು ಎಂಬುದೇ ಮುಖ್ಯ.

ಹೊಸ ಪದಗಳು

ಸಾರಜನಕ – ಗಾಳಿಯಲ್ಲಿ ಹೆಚ್ಚಾಗಿರುವ ಅನಿಲ, ನೈಟ್ರೋಜನ್
ಆಮ್ಲೀಯತೆ – ಹುಳಿ ಗುಣ
ಕುಬ್ಜ – ಗಿಡ್ಡ
ಇಳುವರಿ – ಬೆಳೆಯಿಂದ ದೊರೆಯುವ ಉತ್ಪನ್ನ
ಉಷ್ಣವಲಯ – ಭೂಮಧ್ಯರೇಖೆಯ ಎರಡೂ ಬದಿಗಳಲ್ಲಿರುವ ಬಿಸಿಯಾದ ಪ್ರದೇಶ
ಕಂತು – ಒಂದು ಸಲಕ್ಕೆ ಕೊಡುವ ಭಾಗ

ಉತ್ತರ ಬರೆಯೋಣ

1. ಗಾಳಿಯಲ್ಲಿ ಬೇಕಾದಷ್ಟು ಸಾರಜನಕವಿದ್ದರೂ ಗಿಡಗಳಿಗೆ ಗೊಬ್ಬರ ಬೇಕಾಗುವುದೇಕೆ?
2. ಮಣ್ಣಿಗೆ ಹಾಕಿದ ಸಾರಜನಕವು ಯಾವ ಮೂರು ದಾರಿಗಳಿಂದ ತಪ್ಪಿಸಿಕೊಳ್ಳುತ್ತದೆ?
3. ಬೂದಿಗೂ ಇದ್ದಿಲಿಗೂ ಇರುವ ವ್ಯತ್ಯಾಸವೇನು?
4. ಇದ್ದಿಲನ್ನು ಖಾಲಿ ಪಾತ್ರೆಗೆ ಹೋಲಿಸಿದ್ದೇಕೆ?
5. 'ತೋಟಕ್ಕೆ ಹಾಕಿದ ಗೊಬ್ಬರಕ್ಕೂ ತೊಟ್ಟಿಲಲ್ಲಿರುವ ಮಗುವಿಗೂ ನಂಟಿದೆ.' ಈ ಮಾತನ್ನು ವಿವರಿಸಿರಿ.

ಲೆಕ್ಕ ಮಾಡೋಣ

ಒಂದು ಚೀಲದಲ್ಲಿ 45 ಕಿಲೋ ಯೂರಿಯಾ ಇದೆ. ಅದರಲ್ಲಿರುವ ಸಾರಜನಕ ಎಷ್ಟು ಕಿಲೋ? ಅದರಲ್ಲಿ ಅರ್ಧದಷ್ಟು ಮಳೆಗೆ ಕೊಚ್ಚಿಹೋದರೆ ಬೆಳೆಗೆ ಉಳಿಯುವುದೆಷ್ಟು?

ಮಾಡಿ ನೋಡೋಣ

ಒಂದೇ ಅಳತೆಯ ನಾಲ್ಕು ಚಟ್ಟಿಗಳಲ್ಲಿ ತೋಟದ ಮಣ್ಣು ತುಂಬಿರಿ. ಮೊದಲನೆಯದಕ್ಕೆ ಏನನ್ನೂ ಸೇರಿಸಬೇಡಿ. ಎರಡನೆಯದರಲ್ಲಿ ಹತ್ತು ಪಾಲು ಮಣ್ಣಿಗೆ ಒಂದು ಪಾಲು ಇದ್ದಿಲಿನ ಪುಡಿ ಬೆರೆಸಿರಿ. ಮೂರನೆಯದಕ್ಕೆ ವಾರಕ್ಕೊಮ್ಮೆ ಒಂದು ಲೋಟ ತೆಳು ಗೋಮೂತ್ರ ಕೊಡಿ (ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು). ನಾಲ್ಕನೆಯದಕ್ಕೆ ಎರಡೂ ಇರಲಿ. ಎಲ್ಲದರಲ್ಲೂ ಹರಿವೆಯ ಬೀಜ ಬಿತ್ತಿ ಒಂದೇ ಅಳತೆಯಲ್ಲಿ ನೀರು ಹಾಕಿರಿ. ಆರು ವಾರಗಳ ಕಾಲ ಗಿಡದ ಎತ್ತರ, ಎಲೆಗಳ ಸಂಖ್ಯೆ, ಎಲೆಯ ಬಣ್ಣ ಇವುಗಳನ್ನು ವಾರವಾರವೂ ಬರೆದಿಡಿ. ಎರಡು ದಿನ ನೀರು ಹಾಕದಿದ್ದಾಗ ಯಾವ ಚಟ್ಟಿಯ ಗಿಡ ಮೊದಲು ಬಾಡುತ್ತದೆ ಎಂಬುದನ್ನೂ ಗಮನಿಸಿರಿ. ನೀವು ಕಂಡದ್ದನ್ನು ತರಗತಿಯಲ್ಲಿ ಓದಿ ಹೇಳಿರಿ.

ಕೇಳಿ ತಿಳಿಯೋಣ

ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರನ್ನು ಭೇಟಿಯಾಗಿ ಸುಡುಮಣ್ಣು ಮಾಡುತ್ತಿದ್ದ ಬಗೆಯನ್ನು ಕೇಳಿರಿ. ಯಾವ ತಿಂಗಳಲ್ಲಿ ಮಾಡುತ್ತಿದ್ದರು? ಏನನ್ನೆಲ್ಲ ಬಳಸುತ್ತಿದ್ದರು? ಯಾವ ಬೆಳೆಗೆ ಹಾಕುತ್ತಿದ್ದರು? ಅವರು ಹೇಳಿದ ಮಾತುಗಳಲ್ಲಿಯೇ ಬರೆದು, ತರಗತಿಯ ಹಸ್ತಪತ್ರಿಕೆಗೆ ಒಂದು ಪುಟ ಸಿದ್ಧಪಡಿಸಿರಿ.